ಗಯಾಜ್ ಮನೆಯ ತಾತ್ಕಾಲಿಕ ಸುಗ್ರೀವಾಜ್ಞೆ

ಮಾಸ್ಕ್ ರೋಡಿನ ಅಂಗಡಿಯೊಂದರಲ್ಲಿ ಗಯಾಜ್ ಸಾಹೇಬರ ಮಾನ ಹೋಗಲು ಒಂದು ಪ್ಲೇಟ್ ಕಬಾಬ್ ಸಾಕಾಯಿತು. ಮಗಳು ನಾಜಿಶ್‌ಗೆ ನೋಡಿದ್ದ ಹುಡುಗನ ತಂದೆ, ಬೆನ್ಸನ್ ಟೌನಿನ ಆಸಿಮ್ ಸಾಹೇಬರು ಜೊತೆಯಲ್ಲಿದ್ದರು. "ನೀವು ಜೇಬಿಗೆ ಕೈ ಹಾಕಕೂಡದು" ಎಂದು ಅವರನ್ನು ತಡೆದು, ಗಯಾಜ್ ಗತ್ತಿನಿಂದ ಅಂಗಡಿಯ ಕ್ಯೂಆರ್ ಕೋಡಿಗೆ ಫೋನ್ ಹಿಡಿದರು. "ಅನುಮತಿ ಬಾಕಿ ಇದೆ" ಎಂದಿತು ಫೋನು. ಹಿಂದೆಯೇ ಹೆಂಡತಿ ಜಹನಾರಾಳ ಕರೆ. ಅವಸರದಲ್ಲಿ ಬೆರಳು ಸ್ಪೀಕರಿನ ಮೇಲೆ ಬಿತ್ತು.

"ಏನ್ರೀ, ಕಬಾಬಾ? ಮನೇಲಿ ದಾಲ್ ಮಾಡಿಟ್ಟಿದೀನಲ್ಲ. ರಿಜೆಕ್ಟ್ ಮಾಡ್ದೆ, ಬೇಜಾರ್ ಮಾಡ್ಕೋಬೇಡಿ."

ಭಾವಿ ಬೀಗರು ಏನೂ ಕೇಳಿಸದವರಂತೆ ಹಣ ಕೊಟ್ಟರು. (ನಗುವ ಬೀಗರನ್ನು ಸಂಭಾಳಿಸಬಹುದು, ಕೇಳಿಸದಂತೆ ನಟಿಸುವವರು ಅಪಾಯಕಾರಿ.)

ಅಸಲಿಗೆ ಈ ಕಾನೂನು ಜಹನಾರಾಳದ್ದಲ್ಲ, ಗಯಾಜರದೇ. ಹೋದ ವರ್ಷ ಶಿವಾಜಿನಗರದಲ್ಲಿ ಅವರ ಪರದೆ ಬಟ್ಟೆಯ ಅಂಗಡಿ ಮುಂದೆ ರಸ್ತೆ ಅಗೆದಾಗ, ಗಿರಾಕಿಗಳು ಗುಂಡಿಯ ಆಚೆ ದಡದಲ್ಲೇ ನಿಂತು ವಾಪಸಾಗುತ್ತಿದ್ದರು. ಆಗ ಗಯಾಜ್ ಮನೆಮಂದಿಯನ್ನೆಲ್ಲ ಕೂರಿಸಿ ಆರ್ಥಿಕ ತುರ್ತುಪರಿಸ್ಥಿತಿ ಘೋಷಿಸಿದ್ದರು: ಇನ್ನು ಖರ್ಚೆಲ್ಲ ಒಂದೇ ಖಾತೆಯಿಂದ, ಅದೂ ಜಹನಾರಾ ತನ್ನ ಫೋನಿನಲ್ಲಿ ಒಪ್ಪಿದರೆ ಮಾತ್ರ. ತಾತ್ಕಾಲಿಕ ಎಂದು ಒತ್ತಿ ಹೇಳಿದ್ದರು. ಅಧಿಕಾರ ಕೊಟ್ಟರೆ ಹೆಂಡತಿಯ ಬಟ್ಟೆಬರೆ ಖರ್ಚು ತಾನಾಗಿ ನಾಚಿಕೊಂಡು ನಿಲ್ಲುತ್ತದೆ ಎಂಬುದು ಅವರ ದೂರದೃಷ್ಟಿ. ನಿಂತದ್ದು ಅವರ ಕಬಾಬು.

ಈಗ ರಸ್ತೆಗೆ ಡಾಂಬರು ಬಿದ್ದಿದೆ, ಗಿರಾಕಿಗಳು ಮರಳಿದ್ದಾರೆ. ಕಾನೂನು ಮಾತ್ರ ಕದಲಿಲ್ಲ.

ಮನೆಗೆ ಬಂದವರೇ ಗಯಾಜ್ ಗುಡುಗಿದರು. "ಕಷ್ಟ ಮುಗೀತು, ನನ್ನ ಖಾತೆ ನನಗೆ ಬಿಟ್ಕೊಡು. ನಾಳೆ ಬೀಗರ ಮನೆಯವರೆಲ್ಲ ಊಟಕ್ಕೆ ಬರ್ತಾರೆ. ಹೆಂಡತಿ ಅಪ್ಪಣೆ ಇಲ್ದೆ ಮಟನ್ ತರೋಕಾಗದವನ ಮನೆ ಇದು ಅಂದ್ಕೊಂಡ್ರೆ ಈ ಸಂಬಂಧ ಉಳಿಯುತ್ತಾ?"

"ಮುಗೀತು ಅಂತ ಯಾರು ಹೇಳಿದ್ದು?"

"ನಾನೇ."

"ಶುರುವಾಯ್ತು ಅಂದಿದ್ದೂ ನೀವೇ. ಎರಡೂ ನೀವೇ ಹೇಳೋದಾದ್ರೆ ನಾನ್ಯಾಕಿರೋದು? ಮತ್ತೆ ಅಗೀತಾರೆ ನೋಡ್ತಿರಿ. ಈ ಊರಲ್ಲಿ ಡಾಂಬರು ಹಾಕೋದೇ ಅಗೆಯೋಕೆ."

ಈ ಆರ್ಥಿಕ ಮುನ್ನೋಟವನ್ನು ಗಯಾಜ್ ಸಾರಾಸಗಟಾಗಿ ತಳ್ಳಿಹಾಕಿದರು. ಸ್ವತಂತ್ರ ಸಂಸ್ಥೆಯೊಂದು ತೀರ್ಪು ಕೊಡಲಿ ಎಂದು ಹಟ ಹಿಡಿದು, ಒಳಗೆ ಎಲೆ ಅಡಿಕೆ ಕುಟ್ಟುತ್ತಿದ್ದ ತಾಯಿ ಉಮ್ಮೆ ಕುಲ್ಸುಂ ಅವರನ್ನು ಕರೆತಂದರು. (ಹೆತ್ತ ತಾಯಿ. ಅವರ ನಿಷ್ಪಕ್ಷಪಾತ ಯಾರ ಕಡೆಗೆ ಎಂಬ ಬಗ್ಗೆ ಗಯಾಜರಿಗೆ ಸಂಶಯವಿರಲಿಲ್ಲ.)

ಅಮ್ಮೀ ಎಲೆ ಜಗಿಯುತ್ತ ಇಬ್ಬರ ವಾದವನ್ನೂ ಕೇಳಿದರು.

"ಗಯಾಜ್ ಹೇಳೋದು ಸರಿ. ಸೊಸೆ ಒಬ್ಬಳ ಕೈಯಲ್ಲೇ ಇಷ್ಟೊಂದು ಅಧಿಕಾರ ಇರ್ಬಾರ್ದು."

ಗಯಾಜರ ಎದೆ ಉಬ್ಬಿತು. ಅಮ್ಮೀ ಮುಂದುವರಿಸಿದರು.

"ಇನ್ಮೇಲೆ ಅವಳ ಜೊತೆಗೆ ನನ್ನ ಒಪ್ಪಿಗೆನೂ ಬೇಕು."

ಮೇಲ್ಮನವಿಗೆ ಅವಕಾಶವಿರಲಿಲ್ಲ. ಎಂದೂ ಅತ್ತೆಯ ಮಾತಿಗೆ ತಲೆಯಾಡಿಸದ ಜಹನಾರಾ, ಅಂದು ಎರಡು ಸಲ ತಲೆಯಾಡಿಸಿ ಅವರಿಗೆ ನೀರು ತಂದುಕೊಟ್ಟಳು.

"ಅಮ್ಮೀ," ಗಯಾಜರ ದನಿ ಇಳಿದಿತ್ತು, "ಹಾಗಾದ್ರೆ ಇದ್ರಲ್ಲಿ ನನಗೆ ಸಿಕ್ಕ ಸ್ವಾತಂತ್ರ್ಯ ಏನು?"

ಅಮ್ಮೀ ನೀರು ಕುಡಿದು ಲೋಟ ಕೆಳಗಿಟ್ಟರು.

"ಮೊದಲು ಯಾರನ್ನ ಕೇಳ್ಬೇಕು ಅನ್ನೋದು ನಿನ್ನಿಷ್ಟ, ಬೇಟಾ."