ಅತ್ತೆ ಅಗೆದು ತೆಗೆದ ಹೆಸರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಇಂಟರ್ನೆಟ್ಟಿನಲ್ಲಿ ಏನನ್ನು ಬೇಕಾದರೂ ಹುಡುಕಿಕೊಡುತ್ತೇನೆ ಎಂದು ಬಡಾಯಿ ಕೊಚ್ಚಿದ ಮೂರ್ಖ ನಾನೇ. ನಮ್ಮ ಸೋದರತ್ತೆಯ ಮುಂದೆ ಬಡಾಯಿ ಕೊಚ್ಚುವುದೆಂದರೆ ಅದಿರು ಲಾರಿಗೆ ಅಡ್ಡ ನಿಂತಂತೆ! ಛೆ, ಈ ಹೋಲಿಕೆ ಬೇಡ. ಮಾವ ಸತ್ತದ್ದೇ ಹಾಗೆ.

ಗಣಿಯ ಭರಾಟೆಯ ದಿನಗಳು. ಗಂಡ ಹೆಂಡತಿ ಸಿರುಗುಪ್ಪದಿಂದ ಕುರುಗೋಡಿಗೆ ಮೊಪೆಡ್ಡಿನಲ್ಲಿ ಹೊರಟಿದ್ದರು. ಲಾರಿ ಅತ್ತೆಯನ್ನು ಹೊಲಕ್ಕೆ ಎಸೆದು, ಮಾವನ ಮೇಲೆ ಹರಿದು, ನಿಲ್ಲದೆ ಹೋಯಿತು. ಪೊಲೀಸರು 'ಗುರುತು ಸಿಗದ ವಾಹನ' ಎಂದು ಬರೆದು ಕೈತೊಳೆದುಕೊಂಡರು. ಅತ್ತೆಗೆ ಕಂಡದ್ದಿಷ್ಟು: ಲಾರಿಯ ಬಾಗಿಲ ಮೇಲೆ ಮೊದಲಿಗೆ 'ಶ್ರೀ', ಕೊನೆಗೆ 'ಮಿನರಲ್ಸ್', ನಡುವೆ ಕೆಂಪು ಧೂಳು ನುಂಗಿ ಉಳಿಸಿದ 'ಕೇದ'.

"ಕೊಂದವರ ಹೆಸರು ಬರಸೂತನಕ ನಾ ಬಿಡಂಗಿಲ್ಲ" ಎಂದವಳೇ ನನ್ನನ್ನು ಬಳ್ಳಾರಿಯ ಕೌಲ್ ಬಜಾರಿನ ಬ್ರೌಸಿಂಗ್ ಸೆಂಟರಿಗೆ ಎಳೆದೊಯ್ದಳು. ನೋಂದಾಯಿತ ಕಂಪನಿಗಳ ಹೆಸರು ಹುಡುಕುವ ಸರ್ಕಾರಿ ಜಾಲತಾಣವನ್ನು ತೆರೆದೆ. ಸೆಂಟರಿನ ಸಾಹೇಬರು ಇಣುಕಿದರು.

"ಅಮ್ಮಾ, ನೀವೂ ಮೈನಿಂಗ್ ಚಾಲೂ ಮಾಡ್ತೀರೇನ್ರಿ?"

ಕೇಳದೆ ಇರುತ್ತಾರೆಯೇ? ಆಗ ಊರಲ್ಲಿ ಪಂಕ್ಚರ್ ಹಾಕುವವನೂ ಗಣಿ ಕಂಪನಿಗೊಂದು ಹೆಸರು ಹುಡುಕುತ್ತಿದ್ದ!

"ಹೌದಪ್ಪ, ಅಗಿಯಾಕ ಬಂದೀನಿ" ಎಂದಳು ಅತ್ತೆ.

ನಾನು ಜಾಣನಲ್ಲವೇ? 'ಶ್ರೀ ಕೇದಾರೇಶ್ವರ ಮಿನರಲ್ಸ್ ಪ್ರೈವೇಟ್ ಲಿಮಿಟೆಡ್' ಎಂದು ಬಾಲದ ಸಮೇತ ಊಹಿಸಿ ಹಾಕಿದೆ. ಏನೂ ಬರಲಿಲ್ಲ. ರೋಸಿಹೋಗಿ ಬರೀ 'ಮಿನರಲ್ಸ್' ಎಂದು ಹಾಕಿದೆ. ಪುಟದ ಮೇಲೆ ಪುಟ!

"ಲೇ, ಬಳ್ಳಾರ್ಯಾಗ ನಿಂತು ಧೂಳು ಎಲ್ಲೈತಿ ಅಂತ ಕೇಳ್ತಿಯೇನು? ಎಲ್ಲಾರಿಗೂ ಇರೂದನ್ನ ಬಿಡು."

"ಮತ್ತೇನು ಹಾಕ್ಲಿ ಅತ್ತಿ?"

"ಕಂಡಷ್ಟ ಹಾಕು. ಕಾಣದ್ದನ್ನ ನೀ ಹುಟ್ಟಸಬ್ಯಾಡ."

ಮನುಷ್ಯರನ್ನು ಹುಡುಕುವುದೂ ಅವಳು ಹೀಗೆಯೇ. ರಾರಾವಿ ಹಳ್ಳಿಯ ಮದುವೆಯೊಂದರಲ್ಲಿ ನನ್ನ ಹೆಸರು ಕೂಗಿದ್ದರೆ ಅರ್ಧ ಚಪ್ಪರವೇ ಏಳುತ್ತಿತ್ತು. "ಮೂರನೇ ಪಂಕ್ತಿಗೂ ಕುಂತಾವ ಬಾರಲೇ!" ಎಂದಳು. ಎದ್ದವನು ನಾನೊಬ್ಬನೇ.

'ಕೇದ' ಎಂದಷ್ಟೇ ಹಾಕಿ, ಊರು ಬಳ್ಳಾರಿ ಎಂದು ಒತ್ತಿದೆ. ಒಂದೇ ಒಂದು ಸಾಲು ಬಂತು: 'ಶ್ರೀ ಕೇದಗೆ ಮಿನರಲ್ಸ್', ಸತ್ಯನಾರಾಯಣಪೇಟೆ. ಕೊಂದವರು ಹೂವಿನ ಹೆಸರಿಟ್ಟುಕೊಂಡಿದ್ದರು! ಅತ್ತೆ ಪರದೆಯ ಮೇಲೆ ಬೆರಳಿಟ್ಟವಳು ತೆಗೆಯಲೇ ಇಲ್ಲ. ಸಾಹೇಬರು ಫ್ಯಾನನ್ನು ಅವಳತ್ತ ತಿರುಗಿಸಿ ಹೋದರು.

ಅಲ್ಲಿಂದ ನೇರ ಆ ಕಂಪನಿಯ ಕಚೇರಿಗೇ ಹೋದೆವು. ಮ್ಯಾನೇಜರ್ ತಣ್ಣಗೆ ಹೇಳಿದ: "ಲಾರಿ ನಮ್ದಲ್ರಿ. ಅದ ಹೆಸರಿನ ಬ್ಯಾರೆ ಕಂಪನಿ ಇರಬೇಕು."

ಪೊಲೀಸರಿಂದ ಪುರೋಹಿತರವರೆಗೆ ಯಾರ ದನಿಯನ್ನೂ ಅಣಕಿಸದೆ ಬಿಟ್ಟವನಲ್ಲ ನಾನು. ಆಗ ಅತ್ತೆ ಮಾತಾಡಿದ ದನಿ ಮಾತ್ರ ನನಗೆ ಇವತ್ತಿಗೂ ಬರುವುದಿಲ್ಲ. ಅದನ್ನು ಕೇಳಿದ ಮ್ಯಾನೇಜರ್ ತಲೆ ಎತ್ತದೆ, ಠಾಣೆಗೆ ಬಂದು ಲಾರಿ ತಮ್ಮದೆಂದು ಬರೆದುಕೊಟ್ಟ. ಅವಳು ಅಂದದ್ದು ಇಷ್ಟು:

"ಒಬ್ಬರಿಗೆ ಕೊಟ್ಟ ಕಂಪನಿ ಹೆಸರನ್ನ ಸರ್ಕಾರ ಇನ್ನೊಬ್ಬರಿಗೆ ಕೊಡಂಗಿಲ್ಲಪ್ಪ. ನಿಮ್ಮ ಹೆಸರಿಂದು ದೇಶಕ್ಕ ಒಂದ ಐತಿ. ನನ್ನ ಗಂಡನ ಹೆಸರಿನವರು ಸಿರುಗುಪ್ಪದಾಗ ಓಣಿಗೊಬ್ಬರು ಅದಾರ. ಒಬ್ಬರೂ ಸಂಜೀಕ ನಮ್ಮ ಮನಿಗೆ ಬರಂಗಿಲ್ಲ."