ತೆಂಗಿನ ತೋಟದ ಉತ್ತರ

ಪಾಸ್‌ಪೋರ್ಟೇ ಇಲ್ಲದ ನನ್ನ ಮನೆಗೆ, ವಿದೇಶಕ್ಕೆ ಓದಲು ಹೊರಟವರು ಬರುವುದು ಮಾತ್ರ ತಪ್ಪುವುದಿಲ್ಲ. ಮೈಸೂರಿನಿಂದ ಬಂದು ಕೊಯಮತ್ತೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಇಂಗ್ಲಿಷ್ ಬಲ್ಲವನಿಗೆ ಅಮೆರಿಕವೂ ಗೊತ್ತಿರಲೇಬೇಕು ಎಂಬುದು ಇಲ್ಲಿನವರ ನಂಬಿಕೆ. ಎರಡು ಸಾವಿರದ ಇಸವಿ ದಾಟಿದ ಮೇಲಂತೂ, ಗೇಟಿನ ಬಳಿ ಫೈಲು ಹಿಡಿದವರು ನಿಲ್ಲದ ವಾರವೇ ಇಲ್ಲ. ಇಲ್ಲ ಎನ್ನಲು ಬಾಯಿ ಬಾರದು. ಹೂಂ ಅಂದರೆ, ಅವರಿಗೆ ವೀಸಾ ಸಿಗುವವರೆಗೆ ನನಗೆ ಅನ್ನ ಇಳಿಯದು.

ಹತ್ತಿರದ ಅವಿನಾಶಿ ಊರಿನ ಮಗ್ಗದ ಮನೆಯ ಹುಡುಗಿ ಬಂದು, "ಬರೋ ವಾರ ವೀಸಾ ಇಂಟರ್‌ವ್ಯೂ. ತಪ್ಪಿದ್ರೆ ಸ್ಕಾಲರ್‌ಷಿಪ್ಪೂ ಹೋಗುತ್ತೆ ಸಾರ್" ಎಂದಾಗ, ನಾನು ವರಾಂಡದಲ್ಲಿ ಶತಪಥ ಹಾಕಿದೆ. ಯಾಕೆಂದರೆ ಅವಳಿಗಿಂತ ಮೊದಲು ಇಬ್ಬರು ಬಂದು ಹೋಗಿದ್ದರು.

1. ಚೀಲದ ತೂಕ

ಮೊದಲನೆಯವನು ಉಡುಮಲೈಪೇಟೆಯವನು. ಅಪ್ಪನಿಗೆ ಕಡಲೆಕಾಯಿ ಮಂಡಿ, ಜೊತೆಗೆ ತೆಂಗಿನ ತೋಟ. ಓದು ಮುಗಿದ ಮೇಲೆ ಏನು ಮಾಡುತ್ತೀ ಎಂದು ವೀಸಾ ಅಧಿಕಾರಿ ಕೇಳಿದರೆ, "ವಾಪಸ್ ಬಂದು ಅಪ್ಪನ ತೋಟ ನೋಡಿಕೊಳ್ಳುತ್ತೇನೆ" ಅನ್ನು ಎಂದು ಕಲಿಸಿದೆ. ವೀಸಾ ಸಿಕ್ಕಿತು. ಎರಡು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ವಿಮಾನ ನಿಲ್ದಾಣದಲ್ಲಿ ನೋಡಿದರೆ ಪೆಟ್ಟಿಗೆ ಐದು ಕಿಲೋ ಹೆಚ್ಚು! ಹುಡುಗನ ಅಪ್ಪ ಕೌಂಟರಿನ ಹುಡುಗಿಯ ಮೇಲೆ ಕೆಂಡವಾದರು. "ಎನ್ನಮ್ಮಾ ಇದು! ನಮ್ಮ ಮಂಡೀಲಿ ನಾನೇ ತೂಗಿದೀನಿ. ಮೂವತ್ತು ವರ್ಷದಿಂದ ಚೀಲದ ತೂಕ ಕಳೆದೇ ಲೆಕ್ಕ. ನೀವು ಪೆಟ್ಟಿಗೆ ತೂಕ ಕಳೀಲೇ ಇಲ್ವಲ್ಲ!"

ಕೊನೆಗೆ ಅವನಮ್ಮ ಬಟ್ಟೆಗಳ ನಡುವೆ ಅಡಗಿಸಿದ್ದ ಪುಟ್ಟ ಗ್ರೈಂಡರ್ ಹೊರಬಂತು. ಮಗನಿಗೆಂದು ಕೊಟ್ಟದ್ದನ್ನು ಮನೆಗೆ ತಿರುಗಿ ಒಯ್ಯಬಾರದು ಎಂದು ಆಕೆ ಅದನ್ನು ನನ್ನ ಕೈಗಿತ್ತರು. ಮನೆಯಲ್ಲಿ ನನ್ನ ಹೆಂಡತಿ, "ನಿಮ್ಮ ಪರೋಪಕಾರದಿಂದ ಮನೆಗೆ ಬಂದದ್ದು ಇದೊಂದೇ" ಎಂದು ಉದ್ದಿನಬೇಳೆ ನೆನೆಹಾಕಿದಳು.

2. ಎರಡು ಮರ

ಗೆದ್ದ ಉತ್ತರವನ್ನು ಬಿಡುವುದುಂಟೆ? ಪೋತ್ತನೂರಿನ ರೈಲ್ವೆ ಕಾರ್ಮಿಕರೊಬ್ಬರ ಮಗನಿಗೂ ಅದನ್ನೇ ಬಾಯಿಪಾಠ ಮಾಡಿಸಿದೆ. ಚೆನ್ನೈನ ಅಮೆರಿಕನ್ ಕಾನ್ಸುಲೇಟಿನಲ್ಲಿ ಅವನು ಗಿಳಿಯಂತೆ ಒಪ್ಪಿಸಿದ. ಅಧಿಕಾರಿ ಬಿಡಲಿಲ್ಲ.

"ತೋಟದಲ್ಲಿ ಎಷ್ಟು ಮರ?"

"ಎರಡು."

"ಎಲ್ಲಿ?"

"ಕ್ವಾರ್ಟರ್ಸ್ ಹಿಂದೆ."

"ನಿಮ್ಮವೇ?"

"ರೈಲ್ವೆಯವು ಸಾರ್. ಕಾಯಿ ಮಾತ್ರ ನಮ್ದು."

ವೀಸಾ ಇಲ್ಲ. ಹುಡುಗನ ಒಂದು ವರ್ಷ ನನ್ನಿಂದಾಗಿ ಹಾಳಾಯಿತು. ನಾಚಿಕೆಯಿಂದ ಸತ್ತೇಹೋದೆ. ಅವನಪ್ಪ ಮಾತ್ರ ಬೈಯಲಿಲ್ಲ. ಮನೆಗೆ ಬಂದು ಎರಡು ತೆಂಗಿನಕಾಯಿ ಇಟ್ಟು, "ತೋಟದ್ದು ಸಾರ್" ಎಂದು ಹೋದರು.

3. ಮೇಷ್ಟ್ರ ಹೆಸರು

ಆದ್ದರಿಂದ ಅವಿನಾಶಿಯ ಹುಡುಗಿಯ ಮುಂದೆ ನನ್ನ ಓಡಾಟ ನಿಲ್ಲಲಿಲ್ಲ. ಕಲಿಸಿದರೆ ಇವಳನ್ನೂ ಮುಳುಗಿಸುತ್ತೇನೆ, ಕಲಿಸದಿದ್ದರೆ ಪಾಪ, ಇವಳಿಗೆ ಯಾರಿದ್ದಾರೆ? ಹೆಂಡತಿ ಒಳಗಿನಿಂದಲೇ ಕೂಗಿದಳು: "ಹೇಳ್ಕೊಡಿ. ತೋಟ ಮಾತ್ರ ಬೇಡ!"

ನಾಲ್ಕು ಸಂಜೆ ಕೂತು, ಹಿಂದಿನ ಇಬ್ಬರ ಕತೆಯನ್ನೂ ಮುಚ್ಚಿಡದೆ ಹೇಳಿ, ಹೊಸ ಉತ್ತರಗಳನ್ನು ಬರೆಸಿದೆ. ಇಂಟರ್‌ವ್ಯೂ ದಿನ ಕಾಫಿ ಮೂರು ಸಲ ಆರಿತು. ಮಧ್ಯಾಹ್ನ ಫೋನು.

"ಸಾರ್, ಸಿಕ್ತು!"

ಕಣ್ಣಲ್ಲಿ ನೀರೇ ಬಂತು. "ನಾನು ಬರೆಸಿದ್ದರಲ್ಲಿ ಯಾವುದು ಹೇಳಿದೆಯಮ್ಮ?"

"ಒಂದೂ ಇಲ್ಲ ಸಾರ್. ಆಫೀಸರ್ ಮೊದ್ಲೇ ಯಾರು ಹೇಳ್ಕೊಟ್ರು ಅಂತ ಕೇಳಿದ್ರು. ಪಾಸ್‌ಪೋರ್ಟ್ ಇಲ್ಲದ ಒಬ್ಬ ಮೇಷ್ಟ್ರು, ಅದಕ್ಕೇ ಅವರು ಹೇಳಿದ್ದು ಬಿಟ್ಟು ಬಂದಿದೀನಿ ಅಂದೆ. ಆಫೀಸರ್ ನಕ್ಬಿಟ್ರು. ಆಮೇಲೆ ನಿಜ ಹೇಳ್ದೆ. ಮಗ್ಗದ ಸದ್ದಲ್ಲಿ ಅಪ್ಪಂಗೆ ಕಿವಿ ಹೋಗಿದೆ, ಸದ್ದು ಮಾಡದ ಮಗ್ಗ ಕಟ್ಟೋಕೆ ಕಲೀಬೇಕು ಅಂತ."

ಅಷ್ಟು ದಿನ ಎದುರಿಗೆ ಕೂತಿದ್ದವಳನ್ನು ಯಾಕೆ ಓದಲು ಹೋಗುತ್ತೀ ಎಂಬ ಒಂದು ಪ್ರಶ್ನೆ ನಾನು ಕೇಳಿಯೇ ಇರಲಿಲ್ಲ. ಇನ್ನು ಈ ಕೆಲಸಕ್ಕೆ ಕೈ ಹಾಕುವುದಿಲ್ಲ ಎಂದು ಅವತ್ತೇ ಆಣೆ ಮಾಡಿದೆ.

ಮರುವಾರ ಗೇಟಿನ ಬಳಿ ಮೂವರು, ಮೂರು ಫೈಲು. "ನನಗೇನೂ ಗೊತ್ತಿಲ್ಲ ಕಣ್ರಪ್ಪ, ಹೋಗಿ" ಎಂದು ಕೈಮುಗಿದೆ.

"ಗೊತ್ತು ಸಾರ್, ಅವಿನಾಶಿ ಅಕ್ಕ ಹೇಳಿದ್ರು" ಎಂದು ಮುಂದಿದ್ದವನು ಚಪ್ಪಲಿ ಬಿಟ್ಟು ಒಳಗೇ ಬಂದ. "ಅಲ್ಲಿ ಏನೇನು ಹೇಳಬಾರದು ಅಂತ ಬರಕೊಂಡು ಹೋಗೋಣ ಅಂತ ಬಂದ್ವಿ."