ಸ್ಪೋರ್ಟ್ ಗುಂಡಿಗೊಂದು ಬೊಟ್ಟು

ಮೆರೂನ್ ಬಣ್ಣದ ಸ್ಟಿಕ್ಕರ್ ಬೊಟ್ಟು. ಅಗಲ ಸರಿಯಾಗಿ ಆರು ಮಿಲಿಮೀಟರ್. ಅಂಟಿರುವುದು ಯಾರ ಹಣೆಗೂ ಅಲ್ಲ, ನನ್ನ ಸೋದರಮಾವನ ಕಾರಿನಲ್ಲಿ ಗೇರಿನ ಪಕ್ಕ ಇರುವ ಸ್ಪೋರ್ಟ್ ಗುಂಡಿಗೆ!

ಆ ಕಾರಿಗೆ ಮೂರು ಮೋಡುಗಳು: ಇಕೋ, ನಾರ್ಮಲ್, ಸ್ಪೋರ್ಟ್. ಸ್ಪೋರ್ಟ್‌ನಲ್ಲಿ ಕಾಲು ತಾಗಿಸಿದರೆ ಸಾಕು, ಗಾಡಿ ಹಾರುತ್ತದೆ. ಇಕೋದಲ್ಲಿ ಕಾಲೊತ್ತಿದರೆ ಗಾಡಿ ಸ್ವಲ್ಪ ಯೋಚಿಸಿ, ಮನೆಯವರನ್ನೆಲ್ಲ ಒಂದು ಮಾತು ಕೇಳಿ, ಆಮೇಲೆ ಹೊರಡುತ್ತದೆ. ಪೆಟ್ರೋಲ್ ಉಳಿಯುತ್ತದೆಂದು ಮಾವ ಓಡಿಸುವುದು ಇಕೋದಲ್ಲಿ ಮಾತ್ರ. ಯಾರೂ ಮರೆತು ಸ್ಪೋರ್ಟ್ ಒತ್ತದಿರಲೆಂದು ಅತ್ತೆಯ ಕನ್ನಡಿಯಿಂದ ಬೊಟ್ಟೊಂದನ್ನು ಕಿತ್ತು ಅದರ ಮೇಲೆ ಅಂಟಿಸಿದ್ದಾರೆ.

"ನನಗ ಒಂದು ಮೊಳ ಹೂವು ತರಾಕ ನೆನಪಿಲ್ಲ, ಗಾಡಿಗೆ ಬೊಟ್ಟು ಹಚ್ಯಾರ ನೋಡವಾ!" ಎಂದು ಅತ್ತೆ, ಕೆಲಸಕ್ಕೆಂದು ಬಂದು ಅವರ ಮನೆಯಲ್ಲೇ ಇರುವ ನನ್ನ ಹತ್ತಿರ ದೂರು ಕೊಟ್ಟಿದ್ದರು.

ಹೈದರಾಬಾದಿನಲ್ಲಿ ಮದುವೆಯ ಕುದುರೆ ಹಿಂದೆ ಹಾಕಿದ ಏಕೈಕ ಕಾರು ನಮ್ಮದು ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಲಿಂಗಂಪಲ್ಲಿಯ ನಮ್ಮ ರಸ್ತೆಯಲ್ಲೇ ಆದದ್ದು. ಮೊದಲು ಬ್ಯಾಂಡಿನವರು ದಾಟಿದರು, ಆಮೇಲೆ ಕುದುರೆ, ಅದರ ಮೇಲೆ ಮದುಮಗ. ಕುಣಿಯುತ್ತಿದ್ದ ಹುಡುಗರಲ್ಲೊಬ್ಬ ಕಿಟಕಿಗೆ ಬಗ್ಗಿ, ಗಾಡಿ ತಳ್ಳಬೇಕೇ ಎಂದು ಬಹಳ ಕಳಕಳಿಯಿಂದ ಕೇಳಿದ: "ಕ್ಯಾ ಹುವಾ ಚಾಚಾ, ಧಕ್ಕಾ ಮಾರನಾ ಕ್ಯಾ?"

ಮಾವನಿಗೆ ಅವಮಾನವಾಯಿತೇ? ಎಲ್ಲಿಯ ಮಾತು! "ನಕ್ಕೋ ಬೇಟಾ, ಮೈಲೇಜ್ ಅಚ್ಛಾ ಆರಾ" ಎಂದು ಹೆಮ್ಮೆಯಿಂದ ಉತ್ತರಿಸಿದರು. ಬೇಡವಂತೆ, ಮೈಲೇಜ್ ಚೆನ್ನಾಗಿ ಬರುತ್ತಿದೆಯಂತೆ!

ಮುಂದಿನ ಸೀಟಿನಲ್ಲಿ ಅತ್ತೆ. ಬೆನ್ನಿನ ಆಪರೇಷನ್ ಆದ ಮೇಲೆ ಅವರ ಸೊಂಟದ ಹಿಂದೆ ಯಾವಾಗಲೂ ಒಂದು ಪುಟ್ಟ ದಿಂಬು ಇರುತ್ತದೆ. ಅದರ ಬಗ್ಗೆ ಮಾತ್ರ ಯಾರೂ ಮಾತಾಡುವಂತಿಲ್ಲ. ಒಮ್ಮೆ ನಾನು ಅವರ ಕೈಯಿಂದ ತರಕಾರಿ ಚೀಲ ಇಸಿದುಕೊಳ್ಳಲು ಹೋಗಿ, "ನಾ ಏನು ಹಾಸಿಗಿ ಹಿಡದೀನೇನು?" ಎಂದು ಬೈಸಿಕೊಂಡಿದ್ದೇನೆ. ದಾರಿಯುದ್ದಕ್ಕೂ ಅತ್ತೆ ಆ ದಿಂಬಿಗೊರಗಿ ಗಂಡನನ್ನು ಹಂಗಿಸುತ್ತಿರುತ್ತಾರೆ. "ಇಂಥಾ ಕಂಜೂಸನ ಜೋಡಿ ಮೂವತ್ತು ವರ್ಷ ತೆಗದೀನಿ. ನನಗ ಯಾರರ ಶಾಲು ಹೊಚ್ಚಿ ಸನ್ಮಾನ ಮಾಡಬೇಕು!" ಮಾವ ಸ್ಟೇರಿಂಗ್ ಹಿಂದೆ ಮುಗುಳುನಗುತ್ತಾರೆ. ಬೈಸಿಕೊಂಡು ಇಷ್ಟು ತೃಪ್ತಿಪಡುವ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ.

ನನ್ನಿಂದ ಈ ಮೈಲೇಜಿನ ಹುಚ್ಚನ್ನು ಸಹಿಸಲಾಗಲಿಲ್ಲ. ಕೊಂಡಾಪುರದ ಔಷಧ ಪ್ರಯೋಗಾಲಯವೊಂದರಲ್ಲಿ ಮಿಲಿಗ್ರಾಂಗಳನ್ನು ತೂಗುವುದು ನನ್ನ ಕೆಲಸ. ಅಂದಾಜಿನ ಮಾತು ಕೇಳಿದರೆ ಮೈ ಉರಿಯುತ್ತದೆ. ಮಾವನ ಕಾರನ್ನು ಆರು ದಿನ ಆಫೀಸಿಗೆ ಒಯ್ದೆ. ಅದೇ ದಾರಿ, ಅದೇ ಹೊತ್ತು. ಮೂರು ದಿನ ಇಕೋ, ಮೂರು ದಿನ ನಾರ್ಮಲ್. ಲೀಟರಿಗೆ ವ್ಯತ್ಯಾಸ ಎಷ್ಟು ಗೊತ್ತೇ? ಬರೀ ಅರ್ಧ ಕಿಲೋಮೀಟರ್! ಕಾಗದದ ಮೇಲೆ ಗೆರೆ ಎಳೆದು ಮಾವನ ಮುಂದಿಟ್ಟೆ.

"ಮಾಮಾ, ಗಾಡಿ ಪೆಟ್ರೋಲ್ ಕುಡಿಯೋದು ಗುಂಡಿ ನೋಡಿ ಅಲ್ಲ, ಓಡಿಸೋರ ಕಾಲು ನೋಡಿ. ನಿಮ್ಮ ಕಾಲು ಹೆಂಗೂ ಮೆತ್ತಗದ. ನಾರ್ಮಲ್‌ನಾಗ ಓಡಿಸ್ರಿ."

ಮಾವ ಕನ್ನಡಕ ಏರಿಸಿ ಕಾಗದವನ್ನು ಪೂರ್ತಿ ಓದಿದರು. "ಅರ್ಧ ಕಿಲೋಮೀಟರ್ ಅಂದ್ರ ಕಮ್ಮಿ ಏನವಾ? ಸ್ಟೇಶನ್ನಿನಿಂದ ನಮ್ಮ ಮನೀಗೆ ಅಷ್ಟ ಐತಿ. ನಾಳೆ ನಿನ್ನ ಆಫೀಸಿನ ಚೀಲ ಹೊತ್ಕೊಂಡು ನಡ್ಕೋತ ಬಾ ನೋಡೂಣು!"

ನನ್ನ ಸಂಶೋಧನೆ ಅಲ್ಲಿಗೆ ಮುಗಿಯಿತು. ಮರುದಿನ ಆ ಕಾಗದ ಅಲುಗಾಡುವ ಟೀಪಾಯಿಯ ಕಾಲಿನ ಕೆಳಗಿತ್ತು.

ಹೋದ ಶನಿವಾರ ರಾಯಚೂರಿನಿಂದ ಅಮ್ಮ ರೊಟ್ಟಿ ಗಂಟು ಕಳಿಸಿದ್ದಳು. ನಮ್ಮ ಕಡೆಯ ಪದ್ಧತಿಯೇ ಹಾಗೆ: ಹೈದರಾಬಾದಿಗೆ ಬರುವ ಪರಿಚಯದವರು ಸಿಕ್ಕರೆ ಸಾಕು, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಅವರ ಕೈಗೆ ಹೋಗುತ್ತವೆ. ಗಂಟು ತಂದ ಊರಿನ ಪಕ್ಕದ ಮನೆಯ ಕಾಕಾ ಕಾಚಿಗೂಡ ಸ್ಟೇಷನ್ನಿನಲ್ಲಿ ಇಳಿದು ತಕ್ಷಣ ಬೇರೆ ರೈಲು ಹಿಡಿಯಬೇಕಿತ್ತು. ನಾವು ತಡಮಾಡಿದರೆ ನಮ್ಮ ರೊಟ್ಟಿಯೂ ಆ ರೈಲು ಹತ್ತಿ ಹೋಗುತ್ತಿತ್ತು!

ಅತ್ತೆ ಮನೆಯಲ್ಲೇ ಉಳಿದರು. ಹೊರಟದ್ದು ಮಾವ ಮತ್ತು ನಾನು. ಗೇಟು ದಾಟಿ ತಿರುವಿನಲ್ಲಿ ಮನೆ ಮರೆಯಾದದ್ದೇ ತಡ, ಮಾವ ಬೊಟ್ಟನ್ನು ಉಗುರಿನಿಂದ ಎಬ್ಬಿಸಿ ಕೈಗಡಿಯಾರದ ಗಾಜಿಗೆ ಅಂಟಿಸಿಕೊಂಡರು. ಸ್ಪೋರ್ಟ್ ಒತ್ತಿದರು.

ನನ್ನ ತಲೆ ಹಿಂದಕ್ಕೆ ಸೀಟಿಗೆ ಬಡಿಯಿತು. ಎಂಜಿನ್ ಗುಟುರು ಹಾಕಿತು. ಫ್ಲೈಓವರ್ ಏರಿದ್ದೇ ಗೊತ್ತಾಗಲಿಲ್ಲ. ಮೆಹದಿಪಟ್ನಂನಲ್ಲಿ ಸಿಗ್ನಲ್ ಹಸಿರಾದಾಗ ಎಲ್ಲರಿಗಿಂತ ಮೊದಲು ಹಾರಿದ್ದು ಯಾರು? ಕುದುರೆಗೆ ದಾರಿ ಬಿಟ್ಟ ನಮ್ಮ ಮಾವ! ಸ್ಟೇರಿಂಗ್ ಮೇಲೆ ತಾಳ ಹಾಕುತ್ತಾ ಸಿಳ್ಳೆ ಹೊಡೆಯುತ್ತಿದ್ದರು. ಕಾಕಾ ಸಿಕ್ಕರು, ಗಂಟು ಸಿಕ್ಕಿತು. ಬರುವಾಗಲೂ ಅದೇ ರಭಸ. ಲೀಟರಿಗೆ ಹನ್ನೊಂದು ಕಿಲೋಮೀಟರ್ ಎಂದು ಮೈಲೇಜ್ ತೋರಿಸುವ ಗಾಡಿಯ ಪರದೆ ಅಂಗಲಾಚುತ್ತಿತ್ತು.

"ಮಾಮಾ, ಮೈಲೇಜ್?" ಎಂದೆ.

"ಸುಡುಗಾಡು ಮೈಲೇಜ್! ಎಂಥಾ ಗಾಡಿ ಐತಿ ನೋಡು ಇದು!"

ನಮ್ಮ ರಸ್ತೆಯ ತಿರುವಿಗೆ ಬಂದಾಗ ಗಾಡಿ ನಿಲ್ಲಿಸಿದರು. ಇಕೋ ಒತ್ತಿದರು. ಪರದೆಯ ಲೆಕ್ಕವನ್ನು ಸೊನ್ನೆಗೆ ತಂದು ಸಾಕ್ಷಿ ಅಳಿಸಿದರು. ಬೊಟ್ಟಿಗೆಂದು ಗಡಿಯಾರ ನೋಡಿಕೊಂಡರೆ ಅದು ಎಲ್ಲೋ ಉದುರಿಹೋಗಿತ್ತು. ಸೀಟಿನ ಕೆಳಗೆ ಕೈಯಾಡಿಸುತ್ತಲೇ ಹೇಳಿದರು:

"ಆಪರೇಷನ್ ಆದ ಮ್ಯಾಲೆ ನಿಮ್ಮತ್ತಿ ಮೊದಲನೇ ಸಲ ಇದರಾಗ ಕೂತಾಗ ಸ್ಪೋರ್ಟ್‌ನಾಗ ಇತ್ತು. ಕಾಲ ಒತ್ತಿದೆ, ಗಾಡಿ ಜಗ್ಗಿತು. ಬೆನ್ನು ನೋವಾತು ಅಂತ ಅಕಿ ಬಾಯಿ ಬಿಡಲಿಲ್ಲ. ಆದ್ರ ಬಾಗಿಲಾ ಹಿಡಕೊಂಡ ಕೈ ನೋಡಿದೆ, ಬೆಳ್ಳಗಾಗಿತ್ತು. ಸಾವಕಾಶ ಹೋಗೂಣು ಅಂದೆ. 'ನನ್ನ ಸಲುವಾಗಿ ಸಾವಕಾಶ ಹೋಗೂದಾದರ ನಾ ಮನ್ಯಾಗ ಇರತೀನಿ' ಅಂದ್ಲು. ಮೂರು ತಿಂಗಳ ಹೊರಗ ಬರಲಿಲ್ಲ, ಮಗಳ. ಪೆಟ್ರೋಲ್ ಸಲುವಾಗಿ ಅಂದ್ರ ಬೈಕೋತ ಆರಾಮ ಬರತಾಳ. ಬೈಲಿ, ಬಿಡು. ಹೇಳಬ್ಯಾಡ ಮತ್ತ."

ಆರು ದಿನ ಅಳೆದಿದ್ದೆನಲ್ಲ ನಾನು! ಆ ಆರೂ ದಿನ ಪಕ್ಕದ ಸೀಟು ಖಾಲಿಯಿತ್ತು.

ಮರುದಿನ ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದಾಗ ಕನ್ನಡಿಯ ಅಂಚಿನಿಂದ ಒಂದು ಬೊಟ್ಟು ಕಿತ್ತುಕೊಂಡು ಕೆಳಗಿಳಿದೆ. ಸ್ಪೋರ್ಟ್ ಗುಂಡಿಯ ನಟ್ಟನಡುವೆ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದೆ. ಸಂತೆಗೆ ಹೊರಟಾಗ ಮಾವನ ಕೈಯಿಂದ ಕೀಲಿ ಇಸಿದುಕೊಂಡು ನಾನೇ ಸ್ಟೇರಿಂಗ್ ಹಿಡಿದೆ. ಅತ್ತೆ ದಿಂಬು ಸರಿಮಾಡಿಕೊಂಡು ಕೂತರು. ಗೇಟು ದಾಟುವಷ್ಟರಲ್ಲಿ ಸೈಕಲ್ಲೊಂದು ನಮ್ಮನ್ನು ಹಿಂದೆ ಹಾಕಿತು.

"ಅಯ್ಯ, ನೀನೂ ನಿಮ್ಮ ಮಾಮಾನ ಹಂಗ ಕಂಜೂಸ ಆದೇನು?"

"ಅರ್ಧ ಕಿಲೋಮೀಟರ್ ಅಂದ್ರ ಕಮ್ಮಿ ಏನತ್ತಿ?" ಎಂದೆ. ತಕ್ಕಡಿಗೆ ಮಿಲಿಗ್ರಾಂ ಪುಡಿ ಉದುರಿಸುವಾಗಿನಷ್ಟೇ ಹಗುರವಾಗಿ ಕಾಲೊತ್ತಿದೆ.